ಟೈರಿನ ರಬ್ಬರಿಗೆ ಕಾರ್ಬನ್ ಬ್ಲ್ಯಾಕ್ ಬದಲು ಸಿಲಿಕಾ ಬೆರೆಸುವುದೇಕೆ?

ಟೈರು ಹಗುರವಾಗಿ ಉರುಳಬೇಕು, ಒದ್ದೆ ರಸ್ತೆಯಲ್ಲಿ ಹಿಡಿತ ಕೊಡಬೇಕು, ಬೇಗ ಸವೆಯಬಾರದು. ಇವುಗಳಲ್ಲಿ ಒಂದನ್ನು ಹೆಚ್ಚಿಸಲು ಹೋದರೆ ಸಾಮಾನ್ಯವಾಗಿ ಮತ್ತೊಂದು ಕುಗ್ಗುತ್ತದೆ. ರಬ್ಬರಿಗೆ ಬಲ ಕೊಡಲು ಬೆರೆಸುವ ಮಸಿಯಂಥ ಕರಿಪುಡಿಯಾದ ಕಾರ್ಬನ್ ಬ್ಲ್ಯಾಕ್ ಸವೆತವನ್ನು ಚೆನ್ನಾಗಿ ತಡೆಯುತ್ತದೆಯಾದರೂ, ಟೈರು ಪ್ರತಿ ಸುತ್ತಿನಲ್ಲೂ ಬಾಗಿ ಮೊದಲಿನಂತಾಗುವಾಗ ಅದರ ಕಣಗಳ ಜಾಲವು ಮುರಿದು ಮತ್ತೆ ಕೂಡುವುದರಿಂದ ಇಂಧನದ ಒಂದು ಪಾಲು ಶಾಖವಾಗಿ ವ್ಯರ್ಥವಾಗುತ್ತದೆ.

ಫ್ರಾನ್ಸಿನ ಮಿಶೆಲಿನ್ ಕಂಪನಿ 1990ರ ದಶಕದ ಆರಂಭದಲ್ಲಿ ಕಾರಿನ ಟೈರುಗಳಿಗೆ ಸಿಲಿಕಾ (ಮರಳಿನಲ್ಲಿರುವ ವಸ್ತುವಿನ ನುಣ್ಣನೆಯ ಪುಡಿ) ಬಳಸಿ ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿತು. ಟೈರು ಉರುಳುವಾಗಿನ ಬಾಗುವಿಕೆ ಸೆಕೆಂಡಿಗೆ ಕೆಲವು ಹತ್ತು ಸಲ ಮಾತ್ರ ನಡೆಯುತ್ತದೆ. ಬ್ರೇಕ್ ಹಾಕಿದಾಗ ರಸ್ತೆಯ ತರಿಗಳ ಮೇಲೆ ಜಾರುವ ರಬ್ಬರಿನ ಕಂಪನ ಸಾವಿರಾರು ಪಟ್ಟು ವೇಗದ್ದು. ಸಿಲಿಕಾ ಮಿಶ್ರಣವು ಮೊದಲನೆಯದರಲ್ಲಿ ಶಕ್ತಿನಷ್ಟವನ್ನು ತಗ್ಗಿಸಿಯೂ, ಹಿಡಿತಕ್ಕೆ ಬೇಕಾದ ಶಕ್ತಿನಷ್ಟವನ್ನು ಎರಡನೆಯದರಲ್ಲಿ ಉಳಿಸಿಕೊಳ್ಳುತ್ತದೆ.

ಆದರೆ ಸಿಲಿಕಾ ನೀರನ್ನು ಮೆಚ್ಚುವ ವಸ್ತು, ರಬ್ಬರು ಎಣ್ಣೆಯ ಸ್ವಭಾವದ್ದು. ಸುಮ್ಮನೆ ಬೆರೆಸಿದರೆ ಸಿಲಿಕಾ ಗಂಟುಗಟ್ಟುತ್ತದೆ. ಆದ್ದರಿಂದ ಇಲ್ಲಿನ ನಿಜವಾದ ಜಾಣ್ಮೆ ಇವೆರಡನ್ನೂ ಬೆಸೆಯುವ ಸಿಲೇನ್ ಎಂಬ ರಾಸಾಯನಿಕ ಸೇತುವೆಯಲ್ಲಿದೆ ಎಂದೇ ನನ್ನ ಅಭಿಪ್ರಾಯ. ಅದರ ಒಂದು ತುದಿ ಎಥನಾಲನ್ನು ಬಿಟ್ಟುಕೊಟ್ಟು ಸಿಲಿಕಾಕ್ಕೆ ಅಂಟಿದರೆ, ಗಂಧಕವಿರುವ ಭಾಗವು ವಲ್ಕನೀಕರಣದ (ಗಂಧಕ ಸೇರಿಸಿ ಬಿಸಿಮಾಡಿ ರಬ್ಬರನ್ನು ಗಟ್ಟಿಗೊಳಿಸುವ ಕ್ರಿಯೆಯ) ವೇಳೆ ರಬ್ಬರಿನ ಸರಪಳಿಗೆ ಬೆಸೆದುಕೊಳ್ಳುತ್ತದೆ. ಮಿಶ್ರಣದ ಉಷ್ಣತೆ ಸುಮಾರು 140ರಿಂದ 160 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರಬೇಕು. ಕಡಿಮೆಯಾದರೆ ಅಂಟು ಅರೆಬರೆ, ಮೀರಿದರೆ ರಬ್ಬರು ಮಿಕ್ಸರಿನಲ್ಲೇ ಗಟ್ಟಿಯಾಗತೊಡಗುತ್ತದೆ.

ಹೆಚ್ಚಾಗಿ ನೈಸರ್ಗಿಕ ರಬ್ಬರನ್ನೇ ಬಳಸುವ ಲಾರಿ ಟೈರುಗಳಲ್ಲಿ ಈ ಬೆಸುಗೆ ಅಷ್ಟು ಸಮರ್ಪಕವಾಗಿ ಕೂಡದ ಕಾರಣ, ಅಲ್ಲಿ ಕಾರ್ಬನ್ ಬ್ಲ್ಯಾಕ್‌ನದೇ ಮೇಲುಗೈ.