ಜಪಾನಿನ ಶಾಲೆಯೊಂದಿಗಿನ ಸಾಂಸ್ಕೃತಿಕ ವಿನಿಮಯಕ್ಕೆ ಸುಗ್ಗಿ ಕುಣಿತವೋ, ಬೇಲೂರಿನ ಮದನಿಕೆಯರ ನೃತ್ಯವೋ?

ಎರಡರಲ್ಲಿ ಯಾವುದು ಎಂದು ಕೇಳಿದ್ದೀರಿ, ಜೊತೆಗೆ ಮಾರ್ಚ್ ಮೊದಲ ವಾರದೊಳಗೆ ಚಿತ್ರೀಕರಣ ಮುಗಿಯಬೇಕೆಂದೂ ಬರೆದಿದ್ದೀರಿ. ಆ ಎರಡನೆಯ ಮಾತನ್ನು ಓದಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ಸಕಲೇಶಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದಾಗ ನಾನೂ ಜಪಾನಿನ ಶಾಲೆಯೊಂದರ ಜೊತೆ ಇಂಥದೇ ಯೋಜನೆಗೆ ಕೈಹಾಕಿ, ಇದೇ ಮಾರ್ಚ್ ತಿಂಗಳಲ್ಲಿ ಮುಗ್ಗರಿಸಿದವನು.

ಮೊದಲು ಅವರ ದೃಶ್ಯಸುರುಳಿ ಬಂದಿತ್ತು. ಅದರಲ್ಲಿ ಕಿಮೋನೋ ಇರಲಿಲ್ಲ, ನೃತ್ಯವೂ ಇರಲಿಲ್ಲ. ಮಕ್ಕಳು ಬಿಳಿ ಏಪ್ರನ್ನು, ಟೋಪಿ ಹಾಕಿಕೊಂಡು ತಮ್ಮ ತರಗತಿಗೆ ತಾವೇ ಊಟ ಬಡಿಸುತ್ತಿದ್ದರು; ಆಮೇಲೆ ಬಟ್ಟೆ ಹಿಡಿದು ಬಗ್ಗಿ, ಸಾಲಾಗಿ ನೆಲ ಒರೆಸುತ್ತಿದ್ದರು. ಅದನ್ನು ನೋಡಿ ನಾನು ಒಳಗೊಳಗೇ ನಕ್ಕೆ. ಇವರು ಕಸಬರಿಗೆ ತೋರಿಸಿದ್ದಾರೆ, ನಾವು ಏನಾದರೂ ಭರ್ಜರಿಯಾದದ್ದನ್ನು ತೋರಿಸೋಣ ಎಂದುಕೊಂಡು ಸುಗ್ಗಿ ಕುಣಿತವನ್ನು ಆರಿಸಿಕೊಂಡೆ.

ತೊಡಕು ಇದ್ದದ್ದು ದಿನಾಂಕದಲ್ಲಿ. ಜಪಾನಿನ ಶಾಲಾ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ, ಆದ್ದರಿಂದ ಆ ತರಗತಿಯ ಮಕ್ಕಳು ಸಿಗುವುದು ಮಾರ್ಚ್‌ವರೆಗೆ ಮಾತ್ರ. ನಮ್ಮೂರಿನ ದೇವಿಯ ಹಬ್ಬವಾದ ಸುಗ್ಗಿಯೋ ಯುಗಾದಿ ಕಳೆದ ಮೇಲೆ, ಅಷ್ಟರಲ್ಲಿ ನಮ್ಮ ಶಾಲೆಗೆ ಬೇಸಿಗೆ ರಜೆ ಬಂದಿರುತ್ತದೆ. ಹಾಗಾದರೆ ಸುಗ್ಗಿಯನ್ನೇ ಒಂದು ತಿಂಗಳು ಹಿಂದಕ್ಕೆ ತಂದರಾಯಿತು ಎಂದು ಲೆಕ್ಕ ಹಾಕಿ ಊರಿನ ಹಿರಿಯರ ಮನೆಗೆ ಹೋದೆ. ಅವರು ಕಾಫಿ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡು, "ಸಾರು ಹಾಕೋ ಮುಂಚೆ ಸುಗ್ಗಿ ಕುಣಿಯೋದುಂಟಾ ಮೇಷ್ಟ್ರೇ?" ಎಂದರು. "ಬರೀ ಹತ್ತು ನಿಮಿಷ ಗೌಡ್ರೇ, ಮಕ್ಕಳ ಆಟ ಅಂದ್ಕೊಳಿ" ಎಂದೆ. ಅವರು ಮತ್ತೆ ಮಾತಾಡಲಿಲ್ಲ. ಆ ಮೌನವನ್ನು ನಾನು ಒಪ್ಪಿಗೆ ಎಂದು ಎಣಿಸಿದೆ.

ನಾನು ಮಾಡಿದ ತಪ್ಪು ಯಾವುದೆಂದು ಬಿಡಿಸಿ ಹೇಳಬೇಕು, ಏಕೆಂದರೆ ನನಗೇ ಅದು ಅರ್ಥವಾಗಲು ಎರಡು ವರ್ಷ ಬೇಕಾಯಿತು. ಮಕ್ಕಳಿಗೆ ಹಾಸನದಿಂದ ಬಾಡಿಗೆಗೆ ತಂದ ನಾಟಕದ ಬಟ್ಟೆ ತೊಡಿಸಿದ್ದನ್ನು ಊರು ಮನ್ನಿಸುತ್ತಿತ್ತು, ಹೆಜ್ಜೆ ತಪ್ಪಿದ್ದನ್ನೂ ಮನ್ನಿಸುತ್ತಿತ್ತು. ಮನ್ನಿಸದೆ ಹೋದದ್ದು ಸಾರು ಹಾಕುವ ಮುಂಚೆ ಕುಣಿಸಿದ್ದನ್ನು. ಸಾರು ಹಾಕುವುದೆಂದರೆ ಹಬ್ಬದ ದಿನಗಳನ್ನು ಊರಿಗೆಲ್ಲ ಸಾರಿ ಹೇಳುವುದು. ಆ ಗಳಿಗೆಯಿಂದ ನಮ್ಮೂರಿನಲ್ಲಿ ಯಾರೂ ಹಸಿ ಮರ ಕಡಿಯುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಪರಊರಿನಲ್ಲಿ ರಾತ್ರಿ ತಂಗುವಂತಿಲ್ಲ. ಇಷ್ಟು ಕಟ್ಟನ್ನು ಇಡೀ ಊರು ಹೊತ್ತ ಮೇಲೆ ಕುಣಿತ ಹುಟ್ಟುತ್ತದೆ. ನಾನು ಆ ಕಟ್ಟನ್ನು ಕಿತ್ತುಹಾಕಿ ಕುಣಿತವನ್ನಷ್ಟೇ ಶಾಲೆಯ ಅಂಗಳಕ್ಕೆ ಎಳೆದು ತಂದೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಮಾತ್ರ ತೆರೆಯುತ್ತದೆಂದು ಪ್ರತಿ ವರ್ಷ ಪಾಠ ಮಾಡುತ್ತಿದ್ದವನು ನಾನೇ. ನಮ್ಮ ವೇಳಾಪಟ್ಟಿಗೆ ಹೊಂದುವುದಿಲ್ಲ, ಮಾರ್ಚ್‌ನಲ್ಲೊಮ್ಮೆ ತೆಗೆಯಿರಿ ಎಂದು ಅಲ್ಲಿ ಕೇಳುವ ಧೈರ್ಯ ನನಗಿತ್ತೇ? ದೇವಿ ಸಣ್ಣ ಊರಿನವಳು ಎಂಬ ಕಾರಣಕ್ಕೆ ಇಲ್ಲಿ ಕೇಳಿಬಿಟ್ಟೆ.

ನೇರ ಮಾತುಕತೆ ನಮ್ಮ ಒಂಬತ್ತೂವರೆಗೆ, ಅವರಿಗೆ ಮಧ್ಯಾಹ್ನ ಒಂದು ಗಂಟೆಗೆ ನಡೆಯಿತು. ಕುಣಿತ ನೋಡಿದ ಜಪಾನಿನ ಹುಡುಗನೊಬ್ಬ, ಈ ದಿನ ನಿಮ್ಮ ಮನೆಯಲ್ಲಿ ಏನು ಅಡುಗೆ ಎಂದು ಕೇಳಿದ. ನಾನು ಬಾಯಿಪಾಠ ಮಾಡಿಸಿದ್ದ ಉತ್ತರಗಳಲ್ಲಿ ಅದು ಇರಲಿಲ್ಲ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಇವತ್ತು ಸುಗ್ಗಿ ಅಲ್ಲ. ಸುಗ್ಗಿ ದಿನ ನಮ್ಮಮ್ಮ ಸಾಸಿವೆ ಡಬ್ಬೀನ ಅಟ್ಟದ ಮೇಲೆ ಇಟ್ಟುಬಿಡ್ತಾರೆ" ಎಂದಳು. ಅದನ್ನು ಇಂಗ್ಲಿಷಿಗೆ ತರಲು ನಾನು ತಡವರಿಸಿದೆ. ಆದರೆ ಆಮೇಲೆ ಅವರು ಕೇಳಿದ ಪ್ರಶ್ನೆಗಳೆಲ್ಲ ಆ ಸಾಸಿವೆ ಡಬ್ಬಿಯ ಕುರಿತಾಗಿಯೇ ಇದ್ದವು. ಕುಣಿತದ ಬಗ್ಗೆ ಒಂದೂ ಬರಲಿಲ್ಲ.

ಚಿತ್ರೀಕರಣ ಯಾರದೋ ವಾಟ್ಸಾಪ್ ಸ್ಟೇಟಸ್ಸಿನ ಮೂಲಕ ಊರು ತಲುಪಿತು. ಕುಣಿದ ನಾಲ್ವರು ಹುಡುಗರ ಮನೆಯವರು ದೇವಿಗೆ ತಪ್ಪುಕಾಣಿಕೆ ಕಟ್ಟಿದರು. ಏಪ್ರಿಲ್‌ನಲ್ಲಿ ಜಪಾನಿನ ಶಿಕ್ಷಕಿ ಹೊಸ ತರಗತಿಯೊಂದಿಗೆ ಮುಂದುವರಿಸೋಣವೆಂದು ಬರೆದಾಗ, ಆ ಊರಿನ ಒಬ್ಬ ಪೋಷಕರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬೇಲೂರಿನ ಚೆನ್ನಕೇಶವ ದೇಗುಲದ ಶಿಲ್ಪಗಳಾದ ಮದನಿಕೆಯರನ್ನು ಆರಿಸಿಕೊಂಡರೆ ಯಾರೂ ಮುನಿಸಿಕೊಳ್ಳುವುದಿಲ್ಲ, ನಿಜ. ಆದರೆ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ದೇಗುಲವನ್ನು ಆ ಮಕ್ಕಳು ತಾವೇ ಹುಡುಕಿ ನೋಡಬಲ್ಲರು. ನಿಮ್ಮ ಮಕ್ಕಳ ಅಡುಗೆಮನೆಯನ್ನು ಹಾಗೆ ನೋಡಲಾರರು. ಏನನ್ನು ಪ್ರದರ್ಶಿಸಬೇಕೆಂಬ ಚಿಂತೆಯನ್ನು ಪಕ್ಕಕ್ಕಿಟ್ಟು, ಈ ತಿಂಗಳು ಮನೆಯಲ್ಲಿ ಏನು ನಡೆಯುತ್ತಿದೆ, ಏನನ್ನು ಮಾಡಬಾರದು ಎಂದು ಮಕ್ಕಳಿಂದಲೇ ಬರೆಸಿರಿ. ಸುಗ್ಗಿಯೇ ಬೇಕೆಂದಿದ್ದರೆ ಏಪ್ರಿಲ್‌ನಲ್ಲಿ ಅವರ ಹೊಸ ತರಗತಿಯೊಂದಿಗೆ ಶುರುಮಾಡಿ, ಹಿರಿಯರು ಬಾಯಿಬಿಟ್ಟು ಒಪ್ಪಿದಷ್ಟನ್ನು ಮಾತ್ರ ಅಲ್ಲೇ ನಿಂತು ಚಿತ್ರೀಕರಿಸಿ, ರಜೆ ಮುಗಿದ ಮೇಲೆ ಕಳಿಸಿರಿ.

ಮಾರ್ಚ್‌ಗೆ ಏನಾದರೂ ಬೇಕೇ ಬೇಕೆಂದರೆ ಹೂಮಳೆಯ ವಿಷಯವನ್ನು ಬರೆಸಬಹುದು. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುವ ಹೊತ್ತಿಗೇ ಅವರಲ್ಲಿಯೂ ಚೆರ್ರಿ ಹೂವಿಗೆ ಕಾಯುತ್ತಿರುತ್ತಾರೆ. ಮಳೆ ಬಾರದಿದ್ದರೆ ಅಪ್ಪ ದಿನಕ್ಕೆ ಎಷ್ಟು ಸಲ ಆಕಾಶ ನೋಡುತ್ತಾರೆಂದು ಬರೆದರೂ ಸಾಕು.