ಮುದ್ದೆ ಇಳಿಯುತ್ತೆ, ಗಂಟಲ ಗಂಟು ಹೋಗಲ್ಲ

ಪ್ರಶ್ನೆ: ರಾತ್ರಿ ಎದೆಯುರಿ, ಹುಳಿತೇಗು. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿರುತ್ತದೆ, ಆದರೆ ಮುದ್ದೆ ನುಂಗಲು ತೊಂದರೆಯಿಲ್ಲ. ಡಾಕ್ಟರು ಬರೆದ ಒಮೆಪ್ರಜೋಲ್ (ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆ) ಊಟವಾದ ಮೇಲೆ ತಗೊಳ್ತೀನಿ, ಗುಣ ಕಾಣುತ್ತಿಲ್ಲ.
– ಓದುಗರು, ಚಿಂತಾಮಣಿ

ಉತ್ತರ: ಮುದ್ದೆ ಸಲೀಸಾಗಿ ಇಳಿದು, ಬರೀ ಎಂಜಲು ನುಂಗುವಾಗ ಗಂಟು ಅನ್ನಿಸಿದರೆ ಅನ್ನನಾಳ ಕಟ್ಟಿರುವ ಸಾಧ್ಯತೆ ಕಡಿಮೆ. ಆಮ್ಲ ಮೇಲೇರಿ ಗಂಟಲು ಕೆರಳಿದಾಗ ಹೀಗಾಗಬಹುದು. ಪದೇಪದೇ ಕ್ಯಾಕರಿಸಿದರೆ ಇನ್ನೂ ಹೆಚ್ಚುತ್ತದೆ. ನಿಮ್ಮ ಮಾತ್ರೆಯ ಹೊತ್ತು ತಪ್ಪಿದೆ. ತಿಂಡಿಗೆ ಅರ್ಧ ಗಂಟೆ ಮುಂಚೆ, ಖಾಲಿ ಹೊಟ್ಟೆಯಲ್ಲಿ ನುಂಗಿ. ತಿಂದಾಗ ಹೊಟ್ಟೆ ಆಮ್ಲ ಸುರಿಸಲು ಶುರುಮಾಡುವ ಹೊತ್ತಿಗೆ ಔಷಧಿ ರಕ್ತದಲ್ಲಿರಬೇಕು. ರಾತ್ರಿಯೂಟ ಮಲಗುವ 3 ಗಂಟೆ ಮೊದಲೇ ಮುಗಿಯಲಿ. ಎರಡೆರಡು ದಿಂಬು ಬೇಡ, ಹೊಟ್ಟೆ ಮಡಚುತ್ತದೆ. ಮಂಚದ ತಲೆಭಾಗದ ಕಾಲುಗಳ ಕೆಳಗೆ 6 ಇಂಚಿನ ಮರದ ತುಂಡು ಕೊಡಿ. ಪಾಪ, ಮುದ್ದೆಯನ್ನು ದೂರಬೇಡಿ, ಬಸ್ಸಾರಿನ ಖಾರ ತಗ್ಗಿಸಿ. ತಿಂದದ್ದೇ ಸಿಕ್ಕಿಕೊಂಡರೆ, ತೂಕ ಇಳಿದರೆ, ಮಲ ಕಪ್ಪಾದರೆ ಮಾತ್ರೆ ನಂಬಿ ಕೂರದೆ ತಕ್ಷಣ ಡಾಕ್ಟರಿಗೆ ತೋರಿಸಿ, ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ನಳಿಕೆ ಇಳಿಸಿ ನೋಡುವ ಪರೀಕ್ಷೆ) ಬೇಕಾಗುತ್ತದೆ.