ಹನ್ನೊಂದು ಡಬ್ಬಿ, ಒಂದು ಅಂಟಿಕೊಂಡ ಪಾಯಿಂಟ್

ಸಲಹಾರ್ಥಿ: 44 ವರ್ಷ, ವಿವಾಹಿತರು, ಲೆಕ್ಕಪತ್ರ ವಿಭಾಗದಲ್ಲಿ ಉದ್ಯೋಗ. ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.

"ನಾನು ಶುದ್ಧ ಸೋಮಾರಿ, ಕೈ ಹಾಕಿದ್ದು ಯಾವುದೂ ಮುಗಿಯಲ್ಲ" ಎಂದೇ ಅವರು ಮಾತು ಶುರು ಮಾಡಿದರು. ಮನೆಯ ಒಂದು ಕೋಣೆಯಲ್ಲಿ ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ. ಅದರ ಮೇಲೆ ಎಚ್‌ಓ ಅಳತೆಯ, ಅಂದರೆ ನಿಜ ರೈಲಿನ 87ನೇ ಒಂದು ಭಾಗದ ಮಾದರಿಗಾಗಿ ಹಾಸಿದ ಹಳಿ. ಗೋಡೆಯ ಬದಿಗೆ ಅರ್ಧಕ್ಕೆ ನಿಂತ ಹನ್ನೊಂದು ಕಿಟ್‌ಗಳು, ಅಂದರೆ ಬಿಡಿಭಾಗ ಜೋಡಿಸಿ ಮಾದರಿ ಮಾಡುವ ಡಬ್ಬಿಗಳು. ಹದಿನಾಲ್ಕು ತಿಂಗಳಿಂದ ಆ ಬಾಗಿಲು ತೆಗೆಯುವುದೇ ಅಪರೂಪ, ಆದರೂ ಹೊಸ ಕಿಟ್ ಕೊಳ್ಳುವುದು ನಿಂತಿಲ್ಲ. "ಅಪ್ಪಾ, ರೈಲು ಯಾವಾಗ ಓಡುತ್ತೆ?" ಎಂದು ಮಗಳು ಕೇಳುವುದನ್ನೂ ಬಿಟ್ಟಿದ್ದಾಳೆ. ಅವರಿಗೆ ಹೆಚ್ಚು ನೋವಾಗಿದ್ದು ಅದರಿಂದಲೇ.

ನಿದ್ದೆ, ಹಸಿವು, ಕೆಲಸ, ಗೆಳೆಯರ ಒಡನಾಟ ಎಲ್ಲವೂ ಸರಿಯಿದ್ದವು. ಎಲ್ಲದರಲ್ಲೂ ಆಸಕ್ತಿ ಕುಂದಿದ್ದರೆ, ಅಥವಾ ಬಾಲ್ಯದಿಂದಲೂ ಮನೆ, ಕಚೇರಿ ಎನ್ನದೆ ಎಲ್ಲೆಡೆ ಕೆಲಸಗಳು ಅರ್ಧಕ್ಕೇ ನಿಲ್ಲುತ್ತಿದ್ದರೆ ಮನೋವೈದ್ಯರ ಬಳಿ ಕಳಿಸಬೇಕಾಗುತ್ತಿತ್ತು. ಇಲ್ಲಿ ತೊಂದರೆ ಆ ಒಂದು ಕೋಣೆಯೊಳಗಷ್ಟೇ ಇತ್ತು.

ಮೊದಲ ವಾರ ಕಿಟ್ ಮುಟ್ಟುವುದೇ ಬೇಡ ಎಂದು ಹೇಳಲಾಯಿತು. ಪ್ರತಿ ಡಬ್ಬಿಗೂ ಒಂದು ಚೀಟಿ: ಕೊನೆಗೆ ಮಾಡಿದ್ದೇನು, ಮುಂದಿನದೇನು, ಅದಕ್ಕೆ ಬೇಕಾದದ್ದೇನು. ಹನ್ನೊಂದರಲ್ಲಿ ಎರಡಕ್ಕೆ ಬಿಡಿಭಾಗ ಇರಲಿಲ್ಲ. ಆರು ಬಣ್ಣ ಹಚ್ಚುವ ಹಂತಕ್ಕೆ, ಮೂರು ಮೋಟಾರಿನ ತಂತಿ ಬೆಸುಗೆ ಹಾಕುವ ಹಂತಕ್ಕೆ ನಿಂತಿದ್ದವು. ಎಂದರೆ ಒಂಬತ್ತೂ ನಿಂತದ್ದು ತಪ್ಪಿದರೆ ಹಾಳಾಗುತ್ತದೆ ಎಂಬ ಭಯ ಹುಟ್ಟಿಸುವ ಜಾಗದಲ್ಲಿ.

ಭಯದ ಮೂಲ ಹಲಗೆಯ ಮೇಲೇ ಇತ್ತು. ಹಳಿ ಹಾಸಿದ ಮೇಲೆ ಅದಕ್ಕೆ ವಿದ್ಯುತ್ ತರುವ ಫೀಡರ್ ತಂತಿ ಬೆಸೆದು, ಎಂಜಿನ್ ಓಡಿಸಿ ನೋಡಿ, ಆಮೇಲೆ ಪುಡಿಜಲ್ಲಿ ಅಂಟಿಸುವುದು ಸರಿಯಾದ ಕ್ರಮ. ಬೇಗ ಚೆಂದ ಕಾಣಲೆಂದು ಇವರು ಜಲ್ಲಿಯನ್ನೇ ಮೊದಲು ಹಾಕಿದರು. ಪಾಯಿಂಟಿನ, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗದ ಮೇಲೂ ನೀರು ಬೆರೆಸಿದ ಬಿಳಿ ಅಂಟು ಸುರಿದರು. ಅದು ಜಲ್ಲಿಯ ಸಂದಿಯಲ್ಲಿ ಹರಿದು, ದಿಕ್ಕು ಬದಲಿಸುವ ಬ್ಲೇಡುಗಳ ಅಡಿಗೆ ಸೇರಿ ಗಟ್ಟಿಯಾಯಿತು. ಬೆಳಿಗ್ಗೆ ನೋಡಿದರೆ ಬ್ಲೇಡು ಅಲುಗಲಿಲ್ಲ. ಅಂದು ಮುಚ್ಚಿದ ಬಾಗಿಲು ಹಾಗೇ ಉಳಿಯಿತು.

ಮುಂದೂಡುವಾಗ ನಾವು ದೂರ ತಳ್ಳುವುದು ಕೆಲಸ ಕೊಡುವ ಕಸಿವಿಸಿಯನ್ನು. ತಳ್ಳಿದ ಕೂಡಲೇ ಹಾಯೆನಿಸುತ್ತದೆ, ಆ ಹಾಯಿಯೇ ಮತ್ತೆ ತಳ್ಳುವುದನ್ನು ಕಲಿಸುತ್ತದೆ. ಹೊಸ ಡಬ್ಬಿಯಲ್ಲಿ ಇನ್ನೂ ಯಾವ ತಪ್ಪೂ ಆಗಿಲ್ಲವಾದ್ದರಿಂದ ಅದು ಇನ್ನಷ್ಟು ಹಿತ. ಇದನ್ನು ಕೇಳಿದ ಮೇಲೆ ಅವರು 'ಸೋಮಾರಿ' ಎಂಬ ಮಾತನ್ನು ಮತ್ತೆ ಬಳಸಲಿಲ್ಲ.

ಕೊಟ್ಟ ಸಲಹೆಯಲ್ಲಿ ಪಾಯಿಂಟಿನ ರಿಪೇರಿಯೇ ಮೊದಲು, ಏಕೆಂದರೆ ಹಾಳಾದದ್ದು ಸರಿಹೋಗುತ್ತದೆ ಎಂದು ಕೈಗೆ ಗೊತ್ತಾಗಬೇಕಿತ್ತು. ವಿದ್ಯುತ್ ತೆಗೆದು, ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯನ್ನು ಬ್ಲೇಡಿನ ಮೇಲೆ ಹದಿನೈದು ನಿಮಿಷ ಇಡುವುದು. ಕೆಳಗೆ ಮೋಟಾರ್ ಇದ್ದರೆ ನೀರು ಇಳಿಯದಂತೆ ನೋಡಿಕೊಳ್ಳುವುದು. ಸಾಮಾನ್ಯ ಬಿಳಿ ಅಂಟು ಮೆತ್ತಗಾಗುತ್ತದೆ (ನೀರು ತಡೆಯುವ ಬಗೆಯದು ಆಗುವುದಿಲ್ಲ). ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಜಲ್ಲಿ ತೆಗೆಯಬೇಕು, ಬ್ಲೇಡನ್ನು ಬಲವಂತವಾಗಿ ಎಳೆಯಬಾರದು. ಅವರದು ಎರಡನೇ ಸಲಕ್ಕೆ ಬಿಟ್ಟುಕೊಂಡಿತು.

ಮತ್ತೆ ಜಲ್ಲಿ ಹಾಕುವ ಮೊದಲು ಒಂದು ಅಡಿ ರದ್ದಿ ಹಳಿಯ ಮೇಲೆ ಅಭ್ಯಾಸ. ಅಂಟು ಒಂದು ಪಾಲು, ನೀರು ಒಂದು ಪಾಲು, ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ. ಆ ಹನಿ ಇಲ್ಲದಿದ್ದರೆ ಅಂಟು ಗುಂಡಾಗಿ ನಿಂತು ಜಲ್ಲಿಯನ್ನು ತೇಲಿಸಿಬಿಡುತ್ತದೆ. ಪಾಯಿಂಟಿನ ಚಲಿಸುವ ಭಾಗದ ಬಳಿ ಅಂಟು ಬೇಡವೇ ಬೇಡ. ಸುತ್ತಲಿನದು ಒಣಗುವವರೆಗೆ ಆಗಾಗ ಬ್ಲೇಡು ಆಡಿಸುತ್ತಿರಬೇಕು.

ಫೀಡರ್‌ಗಳ ಲೆಕ್ಕವನ್ನು ಅವರೇ ಮಾಡಿದರು. 914 ಮಿ.ಮೀ. ಉದ್ದದ ಏಳು ತುಂಡು ಹಳಿ, ತುಂಡಿಗೆ ಎರಡು ತಂತಿ, ಒಟ್ಟು 14 ಬೆಸುಗೆ. ಜೋಡಣೆಯ ಕೊಂಡಿಯನ್ನೇ ನಂಬಿದರೆ ಕ್ರಮೇಣ ಅದು ಸಡಿಲಾಗಿ, ಕಿಲುಬು ಕಟ್ಟಿ, ಎಂಜಿನ್ ದೂರ ಹೋದಂತೆ ನಿಧಾನವಾಗುತ್ತದೆ. ಹಳಿಯ ಹೊರಮೈಯನ್ನು ಉಜ್ಜಿ, ಹಳಿಗೂ ತಂತಿಗೂ ಮೊದಲೇ ತೆಳ್ಳಗೆ ಬೆಸುಗೆ ಲೋಹ ಹಿಡಿಸಿ, ಅಕ್ಕಪಕ್ಕದ ಸ್ಲೀಪರ್‌ಗಳ (ಹಳಿಯಡಿಯ ಅಡ್ಡಪಟ್ಟಿಗಳ) ಮೇಲೆ ಒದ್ದೆ ಹತ್ತಿ ಇಟ್ಟು, ಬಿಸಿ ಬೆಸುಗೆ ಕಡ್ಡಿಯನ್ನು ಎರಡು ಮೂರು ಸೆಕೆಂಡು ಮಾತ್ರ ಮುಟ್ಟಿಸಿದರೆ ಪ್ಲಾಸ್ಟಿಕ್ ಕರಗುವುದಿಲ್ಲ.

ಸಮಯದ ವಿಷಯದಲ್ಲಿ, ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ವಿವರಿಸಿದ 'ಹೀಗಾದಾಗ ಹೀಗೆ ಮಾಡುತ್ತೇನೆ' ಎಂಬ ಸಂಕಲ್ಪದ ಮಾದರಿ ಬಳಸಿದೆವು. "ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಕೋಣೆಗೆ ಹೋಗಿ ಎರಡು ಬೆಸುಗೆ ಹಾಕುತ್ತೇನೆ." ಕೆಲಸ ಮುಗಿಸಿ ಏಳುವ ಮುನ್ನ ನಾಳೆಯ ಕೆಲಸದ ಚೀಟಿ ಬರೆದು, ಬೇಕಾದ ತಂತಿಯನ್ನು ಕತ್ತರಿಸಿಯೇ ಇಡಬೇಕು. ಎರಡು ಡಬ್ಬಿ ಹೊರಗೆ ಹೋಗದೆ ಒಂದು ಒಳಗೆ ಬರುವಂತಿಲ್ಲ. ಮಾರಿದರೂ, ಕೊಟ್ಟುಬಿಟ್ಟರೂ ಲೆಕ್ಕಕ್ಕೆ ಸೇರುತ್ತದೆ. ನಾಲ್ಕು ಹೀಗೆ ಹೋದವು. "ಮುಗೀತಾ?" ಎಂದು ಕೇಳುವ ಬದಲು "ಇವತ್ತಿನ ಚೀಟಿ ಯಾವುದು?" ಎಂದು ಕೇಳಿ ಎಂದು ಪತ್ನಿಗೆ ಹೇಳಿದೆವು.

ನಾಲ್ಕನೇ ವಾರ ಏನೂ ಆಗಲಿಲ್ಲ. ಹಿಂದೆ ಬಿದ್ದದ್ದನ್ನೆಲ್ಲ ಒಂದೇ ಭಾನುವಾರ ಮುಗಿಸಲು ಹೊರಟು, ಆ ಭಾನುವಾರವನ್ನೇ ತಪ್ಪಿಸಿಕೊಂಡಿದ್ದರು. ದಿನಕ್ಕೆ ಎರಡೇ ಬೆಸುಗೆ, ಬಿಟ್ಟುಹೋದದ್ದನ್ನು ತೀರಿಸುವ ಗೊಡವೆ ಬೇಡ ಎಂದು ತಿದ್ದಿದೆವು.

ಆರನೇ ಭೇಟಿಯ ಹೊತ್ತಿಗೆ ಹತ್ತು ಬೆಸುಗೆ ಆಗಿತ್ತು. ಎಂಜಿನ್ ಪಾಯಿಂಟ್ ದಾಟಿ ಐದು ತುಂಡಿನುದ್ದಕ್ಕೂ ಓಡಿ, ಆರನೆಯದರಲ್ಲಿ ತಡವರಿಸುತ್ತಿದೆ. ಅವರು ಜೇಬಿನಿಂದ ತೆಗೆದು ತೋರಿಸಿದ ಚೀಟಿಯಲ್ಲಿ ಮಗಳ ಕೈಬರಹವಿತ್ತು: "11ನೇದು, ಕೆಂಪು ತಂತಿ."